ಮಾಡು ಹತ್ತುವವರ ಹೊಣೆ

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಲ್ಲಾಸ್‌ನ ಉತ್ತರಕ್ಕಿರುವ ಪ್ಲೇನೋದಲ್ಲಿ ಆಲಿಕಲ್ಲು ಬಿದ್ದ ಮರುದಿನ ಕರೆಗಂಟೆಗೆ ಬಿಡುವಿರುವುದಿಲ್ಲ. ಮಾರ್ಚ್‌ನಿಂದ ಮೇವರೆಗಿನ ಬಿರುಗಾಳಿಯ ಕಾಲದಲ್ಲಿ ಒಂದು ಸಂಜೆ ಕಲ್ಲು ಸುರಿದರೆ ಸಾಕು, ಬೆಳಗಾಗುವಷ್ಟರಲ್ಲಿ ಬೇರೆ ರಾಜ್ಯಗಳ ನಂಬರ್ ಪ್ಲೇಟ್ ಹೊತ್ತ ವಾಹನಗಳು ಬೀದಿಗಿಳಿಯುತ್ತವೆ. ಏಣಿ ಹಿಡಿದ ಯುವಕರು ಬಾಗಿಲು ತಟ್ಟಿ, ನಿಮ್ಮ ಮನೆಯ ಮಾಡು, ಅಂದರೆ ಛಾವಣಿ, ಹಾಳಾಗಿದೆ, ಇನ್ಶೂರೆನ್ಸ್ ಕಂಪನಿಯಿಂದ ಪೂರ್ತಿ ಹಣ ಕೊಡಿಸುತ್ತೇವೆ, ಇಲ್ಲೊಂದು ಸಹಿ ಮಾಡಿ ಎನ್ನುತ್ತಾರೆ. ಈ ವಸಂತದಲ್ಲಿ ನಮ್ಮ ಮನೆಗೂ ಬಂದರು. ಸಹಿ ಮಾಡುವ ಮೊದಲು ಪಕ್ಕದ ಮನೆಯ ನಿವೃತ್ತ ಶಿಕ್ಷಕಿಯನ್ನು ವಿಚಾರಿಸಿದೆ. ಮುಂದಿನ ವರ್ಷ ಸೋರಿದಾಗ ಕರೆದರೆ ಬರುವಷ್ಟು ಹತ್ತಿರದಲ್ಲಿ ಇರುವವರಿಗೆ ಮಾತ್ರ ಕೆಲಸ ಕೊಡಿ ಎಂದು ಅವರು ಹೇಳಿದರು.

ಊರಿನ ಓದುಗರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಟೆಕ್ಸಸ್‌ನಲ್ಲಿ ವಿದ್ಯುತ್ ಮತ್ತು ಕೊಳಾಯಿ ಕೆಲಸದವರಿಗೆ ಪರವಾನಗಿ ಕಡ್ಡಾಯವಾಗಿದ್ದರೂ ಮಾಡಿನ ಗುತ್ತಿಗೆದಾರರಿಗೆ ರಾಜ್ಯಮಟ್ಟದ ಪರವಾನಗಿ ಎಂಬುದೇ ಇಲ್ಲ. ಏಣಿಯೂ ವಾಹನವೂ ಇದ್ದವರು ಯಾರು ಬೇಕಾದರೂ ಗುತ್ತಿಗೆದಾರರಾಗಬಹುದು. ಆದ್ದರಿಂದ ಪರೀಕ್ಷಿಸುವ ಭಾರವೆಲ್ಲ ಮನೆಯವರ ಮೇಲೆಯೇ ಬೀಳುತ್ತದೆ. ಸರ್ಕಾರ ವಿಪತ್ತು ಎಂದು ಘೋಷಿಸಿದ ಕಡೆ, ಅದೇ ಕೌಂಟಿಯಲ್ಲಾಗಲಿ (ನಮ್ಮ ಜಿಲ್ಲೆಯಂಥದ್ದು) ಪಕ್ಕದ ಕೌಂಟಿಯಲ್ಲಾಗಲಿ ಕನಿಷ್ಠ ಒಂದು ವರ್ಷದಿಂದ ವಿಳಾಸವಿಲ್ಲದ ಗುತ್ತಿಗೆದಾರರು ಕೆಲಸ ಆರಂಭಿಸುವ ಮೊದಲು ಮುಂಗಡ ಕೇಳುವಂತಿಲ್ಲ ಎಂಬ ಕಾನೂನು ಇದೆ. ನೆಲೆ ನಿಂತವರಿಗೂ ಅಲೆದು ಬಂದವರಿಗೂ ಇರುವ ವ್ಯತ್ಯಾಸವನ್ನು ಕಾನೂನೇ ಒಪ್ಪಿಕೊಂಡಂತಾಯಿತು. ಗಾಳಿ ಮತ್ತು ಆಲಿಕಲ್ಲಿನ ಹಾನಿಯಲ್ಲಿ ಮನೆಯವರೇ ಭರಿಸಬೇಕಾದ ಮೊದಲ ಪಾಲನ್ನು ಇಲ್ಲಿ ಹೆಚ್ಚಾಗಿ ವಿಮೆಯ ಮೊತ್ತದ ಶೇಕಡಾ 1 ಅಥವಾ 2 ಎಂದು ನಿಗದಿ ಮಾಡುತ್ತಾರೆ. 4 ಲಕ್ಷ ಡಾಲರ್‌ಗೆ ವಿಮೆ ಮಾಡಿಸಿದ ಮನೆಗೆ ಶೇಕಡಾ 2 ಎಂದರೆ 8,000 ಡಾಲರ್. ಆ ಪಾಲನ್ನು ನೀವು ಕೊಡಬೇಕಿಲ್ಲ, ನಾವೇ ಸರಿದೂಗಿಸುತ್ತೇವೆ ಎಂದು ಆಸೆ ಹುಟ್ಟಿಸುವುದು 2019ರ ಸೆಪ್ಟೆಂಬರ್‌ನಿಂದ ಈ ರಾಜ್ಯದಲ್ಲಿ ಅಪರಾಧವಾಗಿದೆ. ಬಾಗಿಲಿಗೆ ಬಂದ ಯುವಕರು ಮೊದಲು ಹೇಳಿದ್ದೇ ಆ ಮಾತು, ಅಲ್ಲಿಗೇ ಅವರ ಲೆಕ್ಕ ಮುಗಿಯಿತು.

ಕೊನೆಗೆ ಹತ್ತು ಮೈಲಿಯೊಳಗೆ ಕಚೇರಿ ಇರುವ ಒಬ್ಬರನ್ನು ಆರಿಸಿದೆವು. ಅವರು ಮಾಡು ಹತ್ತಿ, ಇಲ್ಲಿ ಹೆಂಚಿನ ಬದಲು ಹೊದಿಸುವ ಡಾಂಬರಿನ ಹಾಳೆಗಳಾದ ಶಿಂಗಲ್‌ಗಳ ಮೇಲಿನ ಕಲ್ಲಿನ ಹರಳು ಎಲ್ಲೆಲ್ಲಿ ಉದುರಿದೆ ಎಂಬುದನ್ನು ಸೀಮೆಸುಣ್ಣದಿಂದ ಗುರುತು ಹಾಕಿ ಚಿತ್ರ ತೆಗೆದು ತೋರಿಸಿದರು. ಒಂದೊಂದು ಶಿಂಗಲ್‌ಗೆ ನಾಲ್ಕರ ಬದಲು ಆರು ಮೊಳೆ ಹೊಡೆಯುವುದಾಗಿ ಬರೆದುಕೊಟ್ಟರು. ಎರಡು ಅಂಗುಲದ ಉಕ್ಕಿನ ಗುಂಡನ್ನು 20 ಅಡಿ ಎತ್ತರದಿಂದ ಬೀಳಿಸಿದರೂ ಬಿರುಕು ಬಿಡದ ನಾಲ್ಕನೇ ದರ್ಜೆಯ ಶಿಂಗಲ್ ಹಾಕಿಸಿದರೆ ವಿಮೆಯ ಕಂತಿನಲ್ಲಿ ರಿಯಾಯಿತಿ ಸಿಗಬಹುದು, ನಿಮ್ಮ ಕಂಪನಿಯನ್ನು ಕೇಳಿ ನೋಡಿ ಎಂದೂ ಹೇಳಿದರು. ಹೊರಡುವ ಮೊದಲು ಅವರು ಕೊಟ್ಟ ಕಾಗದಗಳಲ್ಲಿ ಕೆಲಸಗಾರರ ಅಪಘಾತ ವಿಮೆಯ ಪ್ರಮಾಣಪತ್ರವೂ ಇತ್ತು. ಟೆಕ್ಸಸ್‌ನ ಖಾಸಗಿ ಮಾಲೀಕರಿಗೆ ಆ ವಿಮೆ ಕಡ್ಡಾಯವಲ್ಲದ ಕಾರಣ ಅದನ್ನು ಕೇಳಿ ಪಡೆಯಬೇಕು. ಅದು ಇಲ್ಲದ ಕೆಲಸಗಾರರು ನಮ್ಮ ಮಾಡಿನಿಂದ ಬಿದ್ದರೆ ದಾವೆ ನಮ್ಮ ಮನೆಯವರೆಗೂ ಬರಬಹುದು.

ಮೇಜಿನ ಮೇಲಿದ್ದ ಆ ಕಾಗದವನ್ನು ಓದಿದ ಮಗಳು, ಇದು ಏಕೆ ಎಂದು ಕೇಳಿ ತಿಳಿದುಕೊಂಡ ಮೇಲೆ, "ಹಾಗಾದರೆ ಅಜ್ಜನ ಮನೆಯ ಮಾಡು ಹತ್ತುವವರ ಕಾಗದ ಯಾರ ಹತ್ತಿರ ಇದೆ?" ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಕೊಡಗಿನ ನಾಪೋಕ್ಲು ಸಮೀಪದ ನಮ್ಮ ಮನೆಯ ಮಾಡು ಹತ್ತುವವರನ್ನು ನಾವು ಎಂದೂ ಆರಿಸಿದ್ದೇ ಇಲ್ಲ. ಅವರ ತಂದೆ ಹತ್ತುತ್ತಿದ್ದರು, ಆಮೇಲೆ ಅವರು. ಮೇ ತಿಂಗಳ ಮೊದಲ ಮಳೆ ಬಿದ್ದು ಹೋದ ಮೇಲೆ, ಹೇಳಿ ಕಳಿಸುವ ಮೊದಲೇ ಬಂದು, ಮಂಗಳೂರು ಹೆಂಚುಗಳನ್ನು ಸಾಲುಸಾಲಾಗಿ ಕೈಯಾಡಿಸಿ, ಒಡೆದದ್ದನ್ನು ಬದಲಿಸಿ, ಹೆಂಚಿಗೆ ಆಧಾರವಾದ ಮರದ ಪಟ್ಟಿಗಳಲ್ಲಿ ಗೆದ್ದಲು ಹಿಡಿದ ರೀಪನ್ನು ತೆಗೆದು ಹೊಸದು ಬಡಿದು, ಹೆಂಚಿನಡಿ ಸೇರಿದ ತರಗೆಲೆಯನ್ನೆಲ್ಲ ಗುಡಿಸಿ ಹೋಗುತ್ತಿದ್ದರು. ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳ ನಡುರಾತ್ರಿ ಗಾಳಿಗೆ ಹೆಂಚು ಸರಿದು ಅಡುಗೆಮನೆಗೆ ನೀರು ಬಿದ್ದರೆ ಬೆಳಿಗ್ಗೆ ಮಳೆಗೆ ತಲೆ-ಬೆನ್ನು ಮುಚ್ಚುವ ಗೊರಬೆ ಹೊತ್ತು ಅಂಗಳದಲ್ಲಿ ನಿಂತಿರುತ್ತಿದ್ದರು. ಪಕ್ಕದ ಮನೆಯ ಶಿಕ್ಷಕಿ ಹೇಳಿದ ಹತ್ತಿರದವರೆಂದರೆ ಇವರೇ ಎಂದು ಆ ಕ್ಷಣದವರೆಗೆ ಹೆಮ್ಮೆಯಿಂದ ಅಂದುಕೊಂಡಿದ್ದೆ.

ನನ್ನ ಬಾಲ್ಯದಲ್ಲಿ ಒಂದು ವರ್ಷ, ಪಾಚಿ ಹಿಡಿದ ಹೆಂಚಿನ ಮೇಲೆ ಅವರ ತಂದೆಯ ಕಾಲು ಜಾರಿತು. ಸೊಂಟಕ್ಕೆ ಹಗ್ಗವಿರಲಿಲ್ಲ, ಹಗ್ಗ ಕಟ್ಟಿಕೊಳ್ಳಬೇಕೆಂದು ಹೇಳಿದವರೂ ಇರಲಿಲ್ಲ. ಅಜ್ಜ ಜೀಪಿನಲ್ಲಿ ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ದರು, ಖರ್ಚು ಕೊಟ್ಟರು, ಆ ಮಳೆಗಾಲ ಪೂರ್ತಿ ಅವರ ಮನೆಗೆ ಅಕ್ಕಿ ಕಳಿಸಿದರು. ಅದನ್ನು ಊರವರೆಲ್ಲ ದೊಡ್ಡತನವೆಂದು ಹೊಗಳಿದರು, ನಾನೂ ಹಾಗೆಯೇ ನಂಬಿ ಬೆಳೆದೆ. ಆದರೆ ಅವರು ಮತ್ತೆ ಮಾಡು ಹತ್ತಲಿಲ್ಲ. ಮುಂದಿನ ಮೇ ತಿಂಗಳಲ್ಲಿ, ಇನ್ನೂ ಶಾಲೆಗೆ ಹೋಗುತ್ತಿದ್ದ ಮಗ ಬಂದು ಏಣಿ ಇಟ್ಟರು. ಅಜ್ಜನ ಮನಸ್ಸು ಒಳ್ಳೆಯದಿದ್ದುದರಿಂದ ಒಂದು ಸಂಸಾರ ಒಂದು ಮಳೆಗಾಲ ಉಂಡಿತು. ಅಂಥ ಮನಸ್ಸಿಲ್ಲದ ಮನೆಯ ಮಾಡಿನಿಂದ ಬಿದ್ದಿದ್ದರೆ ಕೇಳುವುದಕ್ಕೆ ಅವರ ಕೈಯಲ್ಲಿ ಏನೂ ಇರಲಿಲ್ಲ. ಇದನ್ನು ಬರೆಯುವುದು ನನಗೆ ನೋವಿನ ಸಂಗತಿ, ಆದರೂ ಬರೆಯಲೇಬೇಕು. ಮಳೆಗಾಲದಲ್ಲಿ ಕೊಡಗಿನ ಮನೆಗಳು ಒಣಗಿರುವುದು ಇಂಥವರ ಕೈಯಿಂದ. ಈಗ ಕೈಯಾಡಿಸುವವರೇ ಸಿಗುವುದಿಲ್ಲ ಎಂದು ಹಲವರು ಹೆಂಚು ಇಳಿಸಿ ತಗಡಿನ ಶೀಟು ಹಾಕಿಸುತ್ತಿದ್ದಾರೆ. ಆ ಕೆಲಸಕ್ಕೆ ಮಕ್ಕಳು ಏಕೆ ಬರುತ್ತಿಲ್ಲ ಎಂಬುದನ್ನು ಮಾತ್ರ ನಾವು ಯಾರೂ ಜೋರಾಗಿ ಕೇಳಿಕೊಂಡಿಲ್ಲ.

ದಾರಿ ಇಲ್ಲದಿಲ್ಲ. ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೊಸ ಮನೆ ಕಟ್ಟುವವರಷ್ಟೇ ಅಲ್ಲ, ರಿಪೇರಿ ಮಾಡುವವರೂ ಹೆಸರು ನೋಂದಾಯಿಸಬಹುದು. ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರೆಗಿನ ಯಾರಿಗಾದರೂ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ.

ಊರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ನಮ್ಮ ಮಾಡಿನವರಿಗೆ 60 ದಾಟಿದೆ, ಹೀಗಾಗಿ ಮಂಡಳಿಯ ನೋಂದಣಿ ಆಗುವುದಿಲ್ಲ. ಬ್ಯಾಂಕಿನ ವಿಮೆಗೆ ಅಣ್ಣ ಅವರನ್ನು ಕರೆದೊಯ್ದು ಅರ್ಜಿ ಕೊಡಿಸಿದ್ದಾರೆ. ಜೊತೆಗೆ ಏಣಿ ಹಿಡಿಯುವ ಅವರ ತಂಗಿಯ ಮಗನಿಗೆ 90 ದಿನಗಳ ದೃಢೀಕರಣ ಪತ್ರ ಬೇಕು. ಅವರು ಕೆಲಸ ಮಾಡಿದ ಸುತ್ತಲಿನ ಮನೆಗಳವರು ಸಹಿ ಹಾಕಿಕೊಡುತ್ತಾರೆಯೇ ಎಂದು ಅಣ್ಣ ಈಗ ಒಂದೊಂದೇ ಮನೆಗೆ ಹೋಗಿ ಕೇಳುತ್ತಿದ್ದಾರೆ.