ನಮ್ಮ ಮಾರುತಿ 800ರ ಒಂದು ವರ್ಷದ ಲೆಕ್ಕ: ತುಕ್ಕು, ಪೆಟ್ರೋಲು, ಎಫ್‌ಸಿ

2024 ನವೆಂಬರ್

ಗಾಡಿ 2010ರ ಮಾರುತಿ 800. ಬಿಳಿ ಬಣ್ಣ, ಸಾಗರದ ಕೆಎ-15 ನಂಬರ್, ಮೀಟರಿನಲ್ಲಿ 80 ಸಾವಿರ ದಾಟಿದೆ. ಅಪ್ಪ ಹೊಸದಾಗಿ ತಗೊಂಡಿದ್ದು. ಆ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಗಾಡಿ ಹೊಗೆಗೆ ಮಿತಿ ಹಾಕುವ ಬಿಎಸ್-4 ನಿಯಮ ಬಂದಿತ್ತು. ಅಲ್ಲಿ 800 ಮಾರಾಟ ನಿಂತಿತು. ನಮ್ಮಂಥ ಊರುಗಳಲ್ಲಿ ಮಾತ್ರ ಬಿಎಸ್-3 ಗಾಡಿ ಸಿಗುತ್ತಿತ್ತು. 2014ರ ಜನವರಿಯಲ್ಲಿ ತಯಾರಿಯೇ ನಿಂತಿತು.

ಮುಂದಿನ ಸೆಪ್ಟೆಂಬರಿಗೆ ಆರ್‌ಸಿಯ, ಅಂದರೆ ಗಾಡಿ ನೋಂದಣಿಯ, 15 ವರ್ಷ ಮುಗಿಯುತ್ತದೆ. ಮನೆಯಲ್ಲಿ ಎರಡು ಮಾತು ನಡೀತಿದೆ. ಕೊಟ್ಟು ಹೊಸದು ತಗೊಳ್ಳೋಣ ಅನ್ನೋದು ಒಂದು, ಇದನ್ನೇ ಇನ್ನೈದು ವರ್ಷ ಓಡಿಸೋಣ ಅನ್ನೋದು ಇನ್ನೊಂದು. ಬಾಯಿಮಾತಿನಲ್ಲಿ ಇದು ಬಗೆಹರಿಯೋದಿಲ್ಲ. ಹಾಗಾಗಿ ಈ ತಿಂಗಳಿಂದ ಗಾಡಿಗೆ ಹೋದ ಪ್ರತಿ ರೂಪಾಯಿಯನ್ನೂ ಬರೆದಿಡುತ್ತಿದ್ದೇನೆ. ಗಾಡಿಯನ್ನು ಎಫ್‌ಸಿಗೆ, ಅಂದರೆ ಆರ್‌ಸಿ ನವೀಕರಣಕ್ಕೆ ಬೇಕಾದ ಆರ್‌ಟಿಒ ತಪಾಸಣೆಗೆ, ತಯಾರು ಮಾಡೋದು ಒಂದು ಕೆಲಸ. ಕಿಲೋಮೀಟರಿಗೆ ನಿಜವಾಗಿ ಎಷ್ಟು ಬೀಳುತ್ತೆ ಅಂತ ಕಂಡುಕೊಳ್ಳೋದು ಇನ್ನೊಂದು.

ಡಿಸೆಂಬರ್

ಮಳೆ ಪೂರ್ತಿ ಬಿಟ್ಟಿದೆ. ಸೀಟು ಬಿಚ್ಚಿ, ಮ್ಯಾಟ್ ಎತ್ತಿ ನೋಡುವ ಕೆಲಸಕ್ಕೆ ಇದೇ ಸರಿಯಾದ ಹೊತ್ತು.

ಡ್ರೈವರ್ ಸೀಟಿನ ಮುಂದೆ, ಕ್ಲಚ್ ಪೆಡಲ್ ಕೆಳಗೆ, ರಬ್ಬರ್ ಮ್ಯಾಟ್ ಒಣಗಿತ್ತು. ಅದರಡಿಯ ದಪ್ಪ ಫೆಲ್ಟನ್ನು ಹಿಂಡಿದರೆ ನೀರು ಬಂತು. ಮಳೆ ನಿಂತು ಇಷ್ಟು ದಿನ ಆದ ಮೇಲೂ! ಫೆಲ್ಟ್ ಕಿತ್ತಾಗ ತಗಡು ಕಂದು ಬಣ್ಣಕ್ಕೆ ತಿರುಗಿ, ಪದರ ಪದರವಾಗಿ ಏಳುತ್ತಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದೆ. ಒಳಗೆ ಹೋಯಿತು, ಕೆಳಗೆ ಅಂಗಳದ ಮಣ್ಣು ಕಂಡಿತು. ಅಂಗೈ ಅಗಲದಷ್ಟು ಜಾಗ ಹಾಗೇ ಆಗಿದೆ. ಹಿಂದಿನ ಎಡ ಚಕ್ರದ ಗೂಡಿನ ಅಂಚಿನಲ್ಲೂ ಅದೇ ಕಥೆ.

ನೀರು ಎಲ್ಲಿಂದ ಬಂತು ಅಂತ ಹುಡುಕಿದೆ. ಮುಂದಿನ ಗಾಜಿನ ಕೆಳಗೆ, ವೈಪರ್ ಕೂರುವ ಜಾಗದಲ್ಲಿ ಒಂದು ತೋಡು ಇದೆಯಲ್ಲ, ಅದರ ನೀರು ಇಳಿದು ಹೋಗುವ ಕಿಂಡಿ ಮುಚ್ಚಿಹೋಗಿತ್ತು. ಮಾವಿನ ಮರದ ಕೆಳಗೆ ನಿಲ್ಲಿಸುವ ಗಾಡಿ. ಎಲೆ ಬಿದ್ದು, ಕೊಳೆತು, ಗೊಬ್ಬರ ಆಗಿತ್ತು. ಮಲೆನಾಡಿನ ಮಳೆಗೆ ಆ ತೋಡು ತುಂಬಿ, ನೀರು ಹೀಟರ್ ಗೂಡಿನ ಕಡೆಯಿಂದ ಒಳಗೆ ಇಳಿದಿದೆ. ಬಾಗಿಲುಗಳ ಕೆಳಅಂಚಿನಲ್ಲೂ ಸಣ್ಣ ತೂತುಗಳಿರುತ್ತವೆ. ಅವೂ ಧೂಳು ಸೇರಿ ಗಟ್ಟಿಯಾಗಿದ್ದವು. ಎಲ್ಲವನ್ನೂ ಸೈಕಲ್ ಕಡ್ಡಿ ಹಾಕಿ ಬಿಡಿಸಿದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಮಳೆ ಜಾಸ್ತಿ ಇರುವ ಊರಲ್ಲಿ ಕಾರಿಟ್ಟವರು ವರ್ಷಕ್ಕೊಮ್ಮೆ ಇದನ್ನು ಮಾಡಲೇಬೇಕು ಅಂತ ನನ್ನ ಅಭಿಪ್ರಾಯ. ಆಯಿಲ್ ಬದಲಿಸೋದು ಎಲ್ಲರಿಗೂ ನೆನಪಿರುತ್ತೆ, ಈ ಕಿಂಡಿ ಯಾರಿಗೂ ನೆನಪಿರೋದಿಲ್ಲ.

2025 ಜನವರಿ

ಟಿಂಕರಿಂಗ್ ಕೆಲಸ. ಈ ವರ್ಷದ ದೊಡ್ಡ ಖರ್ಚು ಇದೇ.

ಮೂರು ಕಡೆ ಕೇಳಿದೆ. ಒಬ್ಬರು ಮೇಲೊಂದು ತಗಡು ಇಟ್ಟು, ಪೇಸ್ಟ್ ಹಚ್ಚಿ ನಾಲ್ಕು ಸಾವಿರಕ್ಕೆ ಮುಗಿಸಿಕೊಡ್ತೀನಿ ಅಂದರು. ಅದಕ್ಕೆ ಮನಸ್ಸು ಒಪ್ಪಲಿಲ್ಲ. ಕೊಳೆತ ತಗಡನ್ನು ಒಳಗೇ ಬಿಟ್ಟು ಮುಚ್ಚಿದರೆ ತುಕ್ಕು ಸುಮ್ನೆ ಕೂರೋದಿಲ್ಲ, ಹೊಸ ತಗಡನ್ನೂ ತಿನ್ನುತ್ತೆ. ಕೊನೆಗೆ ಹಳೇ ಮೇಸ್ತ್ರಿಯೊಬ್ಬರು ಸಿಕ್ಕರು. ಅವರು ಮೊದಲು ಬಾನೆಟ್ ಕೂಡ ಎತ್ತಲಿಲ್ಲ, ನೇರ ಗಾಡಿಯ ಅಡಿಗೆ ನುಸುಳಿದರು. ಹೊರಗೆ ಬಂದು, "ಇಂಜಿನ್ ಹೋದ್ರೆ ಓಮ್ನಿದು ತಂದು ಕೂರಿಸ್ಬಹುದು ಮಾರಾಯ್ರೆ, ಬಾಡಿ ಹೋದ್ರೆ ಏನ್ ಕೂರಿಸ್ತೀರಿ?" ಅಂದರು.

ಅವರ ಮಾತು ನಿಜ. 800ರ 796 ಸಿಸಿ, ಮೂರು ಸಿಲಿಂಡರಿನ ಇಂಜಿನ್ನೇ ಮಾರುತಿಯ ಓಮ್ನಿ ವ್ಯಾನಿನಲ್ಲೂ ಇತ್ತು. ಓಮ್ನಿ 2019ರವರೆಗೆ ತಯಾರಾಯಿತು. ನಮ್ಮ ಕಡೆ ಅಡಿಕೆ ಮೂಟೆಯಿಂದ ಶಾಲೆ ಮಕ್ಕಳವರೆಗೆ ಎಲ್ಲವನ್ನೂ ಹೊತ್ತ ಗಾಡಿ ಅದು. ಹಾಗಾಗಿ ಇಂಜಿನ್ ಸಾಮಾನಿಗೆ ಬರ ಇಲ್ಲ. ಬಾಡಿಯೊಂದನ್ನು ಮಾತ್ರ ನಾವೇ ಉಳಿಸಿಕೊಳ್ಳಬೇಕು.

ಕೆಲಸ ನಡೆದ ರೀತಿ ಹೀಗೆ. ಮೊದಲು ಬ್ಯಾಟರಿ ಬಿಚ್ಚಿದರು. ಇದು ಎಂಪಿಎಫ್‌ಐ ಗಾಡಿ, ಇಂಜಿನ್ನಿಗೆ ಕಂಪ್ಯೂಟರ್ ಇದೆ. ವೆಲ್ಡಿಂಗ್ ಕರೆಂಟ್ ಅದಕ್ಕೆ ತಾಗಿದರೆ ಕಷ್ಟ. ಸೀಟು, ಕಾರ್ಪೆಟ್ ಎಲ್ಲ ಹೊರಗೆ. ಆಮೇಲೆ ತುಕ್ಕು ಹಿಡಿದ ಜಾಗವನ್ನು ಉಳಿಯಿಂದ ಕತ್ತರಿಸಿದರು. ನಾನು ತೋರಿಸಿದ್ದು ಅಂಗೈ ಅಗಲ, ಅವರು ಕತ್ತರಿಸಿದ್ದು ಊಟದ ತಟ್ಟೆ ಅಗಲ. ಬೆಳ್ಳಗೆ ಹೊಳೆಯುವ ಲೋಹ ಸಿಗುವವರೆಗೂ ಕೈ ನಿಲ್ಲಿಸಲಿಲ್ಲ. ಹೊಸ ತಗಡನ್ನು ಸುತ್ತಿಗೆಯಿಂದ ಬಡಿದು, ಹಳೇ ನೆಲದಲ್ಲಿದ್ದ ಗೀರುಗಳನ್ನೇ ಅದರಲ್ಲೂ ಎಬ್ಬಿಸಿದರು. ಆ ಗೀರು ಅಂದಕ್ಕಲ್ಲ, ನೆಲಕ್ಕೆ ಗಟ್ಟಿತನ ಬರೋದೇ ಅದರಿಂದ. ಗ್ಯಾಸ್ ವೆಲ್ಡಿಂಗಿನಲ್ಲಿ ತಗಡು ಕಾದು ಸೊಟ್ಟಗಾಗುತ್ತೆ ಅಂತ ಸಿಒ2 ವೆಲ್ಡಿಂಗ್ ಮಾಡಿದರು. ಒಂದೇ ಗೆರೆ ಎಳೆಯಲಿಲ್ಲ, ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ಮತ್ತೆ ಚುಕ್ಕೆ. ಮೇಲೆ ರೆಡ್ ಆಕ್ಸೈಡ್ ಪ್ರೈಮರ್, ಬೆಸುಗೆಯ ಸಂದಿಗೆ ಸೀಲರ್, ಅಡಿಗೆ ಕಪ್ಪು ಅಂಡರ್‌ಕೋಟಿಂಗ್.

ತಗಡು, ಕೂಲಿ, ಬಣ್ಣ ಸೇರಿ 14,000. ಅಂಡರ್‌ಕೋಟಿಂಗ್ 3,500. ನಾಲ್ಕು ಸಾವಿರದ ಕೆಲಸದ ಪಕ್ಕದಲ್ಲಿ ಇದು ದುಬಾರಿ ಅನ್ನಿಸಬಹುದು. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 3,500.

ಮಾರ್ಚ್

ಇನ್ಶೂರೆನ್ಸ್ ಕಟ್ಟಿದೆ. ಥರ್ಡ್ ಪಾರ್ಟಿ ಮಾತ್ರ. 1000 ಸಿಸಿ ಒಳಗಿನ ಕಾರಿಗೆ ಸರ್ಕಾರವೇ ನಿಗದಿ ಮಾಡಿದ ದರ ವರ್ಷಕ್ಕೆ 2,094 ರೂ., ಮೇಲೆ ಜಿಎಸ್‌ಟಿ. ಓಡಿಸುವ ಮಾಲೀಕರ 15 ಲಕ್ಷದ ಅಪಘಾತ ವಿಮೆಯೂ ಸೇರಿ 2,900 ಆಯ್ತು. ಕಾರಿನ ಸ್ವಂತ ಹಾನಿಗೆ ವಿಮೆ ಮಾಡಿಸಿಲ್ಲ. ಗಾಡಿಗೆ ಇವತ್ತಿನ ಬೆಲೆ 60 ಸಾವಿರ ಹಿಡಿದರೆ, ಅದಕ್ಕೆ ಪ್ರೀಮಿಯಂ ಕಟ್ಟೋದರಲ್ಲಿ ಅರ್ಥ ಕಾಣಲಿಲ್ಲ.

ಆಯಿಲ್, ಫಿಲ್ಟರುಗಳು, ಮೂರು ಪ್ಲಗ್, ಕೂಲಿ: 2,500. ಇಂಜಿನ್ನಿನ ಟೈಮಿಂಗ್ ಬೆಲ್ಟ್ ಅನ್ನೋ ರಬ್ಬರ್ ಪಟ್ಟಿ ಕಿಲೋಮೀಟರ್ ಲೆಕ್ಕದಲ್ಲಿ ಇನ್ನೂ ಓಡುತ್ತಿತ್ತು. ಆದರೆ ರಬ್ಬರಿಗೆ ವಯಸ್ಸು ಬೇರೆಯೇ ಲೆಕ್ಕ. ಅದನ್ನೂ ಬದಲಿಸಿದೆ, 2,800.

ಮೇ

ಪೆಟ್ರೋಲಿನ ವಿಷಯ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಸೇರಿದ ಪೆಟ್ರೋಲು. ಒಂದು ಲೀಟರ್ ಎಥನಾಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಶಕ್ತಿ. ಶೇ. 20 ಬೆರೆಸಿದಾಗ ಒಟ್ಟಾರೆ ಶೇ. 6-7ರಷ್ಟು ಶಕ್ತಿ ಕಡಿಮೆ. ನಮ್ಮ ಪುಸ್ತಕದಲ್ಲೂ ಅದು ಕಾಣುತ್ತಿದೆ. ಅಪ್ಪನ ಹಳೇ ಡೈರಿಯಲ್ಲಿ ಲೀಟರಿಗೆ 18 ಕಿ.ಮೀ. ಅಂತಿದೆ, ಈಗ ಟ್ಯಾಂಕ್ ತುಂಬಿಸಿ ಅಳೆದರೆ 16.5ರ ಹತ್ತಿರ. ಇದರಲ್ಲಿ ಪೇಟೆಯ ಸಣ್ಣ ಸಣ್ಣ ಓಡಾಟದ ಪಾಲೂ ಇದೆ.

ಮೈಲೇಜಿಗಿಂತ ನನಗೆ ಜಾಸ್ತಿ ತಲೆಬಿಸಿ ಕೊಟ್ಟಿದ್ದು ರಬ್ಬರ್ ಪೈಪು. 2010ರ ಗಾಡಿಯ ಪೈಪು, ವಾಷರುಗಳನ್ನು ಈ ಪೆಟ್ರೋಲಿಗಾಗಿ ಮಾಡಿದ್ದಲ್ಲ. ಟ್ಯಾಂಕಿನಿಂದ ಫಿಲ್ಟರಿಗೆ ಬರುವ ಪೈಪನ್ನು ಬಗ್ಗಿಸಿ ನೋಡಿದಾಗ ಕ್ಲಿಪ್ಪಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು. ಇನ್ನೂ ಸೋರುತ್ತಿರಲಿಲ್ಲ. ಅಷ್ಟೂ ಪೈಪು, ಕ್ಲಿಪ್ಪು ಹೊಸದು ಹಾಕಿಸಿದೆ. 700 ರೂ. ಹಳೇ ಪೆಟ್ರೋಲ್ ಗಾಡಿ ಇಟ್ಟ ಎಲ್ಲರಿಗೂ ಹೇಳ್ತೀನಿ, ಇದನ್ನು ಮುಂದೂಡಬೇಡಿ. ಬೆಂಕಿಯ ವಿಷಯ ಇದು.

ಜೂನ್

ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರ್ ಜಿನುಗುತ್ತಿತ್ತು. ಎರಡೂ ಕಡೆ ಸಿಲಿಂಡರ್, ಶೂ ಹೊಸದು: 2,200. ಮುಂದಿನ ಎರಡು ಟೈರು, 145/70 ಆರ್12: 5,600. ಹನ್ನೆರಡು ಇಂಚಿನ ಟೈರಿನ ಈ ಬೆಲೆ ಸಣ್ಣ ಕಾರಿನ ದೊಡ್ಡ ಪುಣ್ಯ.

ಜುಲೈ

ಮಳೆ ಜೋರು. ಹೊಸ ನೆಲ ಒಣಗಿದೆ. ಫೆಲ್ಟಿನ ಕೆಳಗೆ ಕೈ ಹಾಕಿ ನೋಡುತ್ತಲೇ ಇದ್ದೇನೆ, ಒಂದು ಹನಿ ಇಲ್ಲ.

ಈ ತಿಂಗಳ 14ಕ್ಕೆ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. ಸಿಗಂದೂರಿಗೆ ಹೋಗಲು ಲಾಂಚಿಗೆ ಕಾಯುತ್ತಾ, ಗಾಡಿಯನ್ನು ಹಿಮ್ಮುಖವಾಗಿ ಹತ್ತಿಸಿ ನಿಲ್ಲಿಸುತ್ತಿದ್ದ ಕಾಲ ಮುಗೀತು. ಅಮ್ಮನನ್ನು ಕೂರಿಸಿಕೊಂಡು ಹೋಗಿ ಬಂದೆ. ಆ ಕಡೆಯ ನೆಂಟರ ಮನೆಗಳು ಹತ್ತಿರವಾದವು, ಪೆಟ್ರೋಲ್ ಕಾಲಂ ಉದ್ದವಾಯಿತು. ಸಂತೋಷದ ಖರ್ಚು ಅದು.

ಆರ್‌ಸಿ ನವೀಕರಣಕ್ಕೆ ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಫಾರ್ಮ್ 25. ಕಾರಿಗೆ ಶುಲ್ಕ 5,000 ರೂ. ಇದು 2022ರ ಏಪ್ರಿಲ್‌ವರೆಗೆ ಬರೀ 600 ಇತ್ತು. ತಡ ಮಾಡಿದರೆ ತಿಂಗಳಿಗೆ 500 ದಂಡ. ಜುಲೈ ಕೊನೆಗೆ ಅರ್ಜಿ ಹಾಕಿಬಿಟ್ಟೆ.

ಆಗಸ್ಟ್

ಎಫ್‌ಸಿ ಆಯ್ತು!

ಮೊದಲು ಎಮಿಷನ್ ಟೆಸ್ಟ್. ನಮ್ಮ ಗಾಡಿಗೆ ಕಾರ್ಬನ್ ಮೊನಾಕ್ಸೈಡ್ ಶೇ. 0.5 ದಾಟಬಾರದು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೋದೆ, ಆರಾಮಾಗಿ ಪಾಸಾಯಿತು. ತಣ್ಣಗಿರುವಾಗ ಪೆಟ್ರೋಲು ಜಾಸ್ತಿ ಸುರಿಯುತ್ತೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಕೆಲಸ ಶುರು ಮಾಡಿರೋದಿಲ್ಲ. ಹಾಗಾಗಿ ಮನೆ ಪಕ್ಕದ ಸೆಂಟರಾದರೂ ಒಂದು ಸುತ್ತು ಓಡಿಸಿಯೇ ಹೋಗೋದು ಒಳ್ಳೇದು.

ಇನ್‌ಸ್ಪೆಕ್ಟರ್ ಲೈಟು, ಇಂಡಿಕೇಟರು, ಹಾರ್ನು, ವೈಪರು, ಬ್ರೇಕು, ಸೀಟ್ ಬೆಲ್ಟು, ಹೊಸ ನಂಬರ್ ಪ್ಲೇಟು ಎಲ್ಲ ನೋಡಿದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಬಾನೆಟ್ ಒಳಗಿನ ಆ ಜಾಗವನ್ನು ಹಿಂದಿನ ದಿನವೇ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಇಟ್ಟಿದ್ದೆ, ಅಕ್ಷರ ಸ್ಪಷ್ಟ ಬಂತು. ಹಸಿರು ತೆರಿಗೆ, ಕಾರ್ಡು, ಓಡಾಟ ಎಲ್ಲ ಸೇರಿ 6,500ರ ಹತ್ತಿರ ಆಯ್ತು. 2030ರವರೆಗೆ ನಿಶ್ಚಿಂತೆ.

15 ವರ್ಷ ಆದ ಕಾರನ್ನು ಸರ್ಕಾರ ಎಳ್ಕೊಂಡು ಹೋಗಿ ಗುಜರಿಗೆ ಹಾಕುತ್ತೆ ಅಂತ ಊರಲ್ಲಿ ತುಂಬಾ ಜನ ನಂಬಿದ್ದಾರೆ. ವಯಸ್ಸಿನ ಮೇಲೆ ಗಾಡಿ ನಿಲ್ಲಿಸುವ ಆ ನಿಯಮ ದೆಹಲಿ ಸುತ್ತಮುತ್ತಲಿನದು. ಇಲ್ಲಿ ಎಫ್‌ಸಿ ಪಾಸಾದರೆ ಐದು ವರ್ಷ ಸಿಗುತ್ತೆ. ಆ ಸುದ್ದಿಗೆ ಹೆದರಿ ಒಳ್ಳೇ ಗಾಡಿಯನ್ನು 25 ಸಾವಿರಕ್ಕೆ ಕೊಟ್ಟವರಿದ್ದಾರೆ. ನನಗೆ ನಿಜಕ್ಕೂ ಬೇಸರ ಆಗುತ್ತೆ. ಆದರೆ ಇದೇ ತಿಂಗಳು ಇನ್ನೊಂದು ಆದೇಶ ಬಂದಿದೆ: 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕ 10,000. ಮುಂದಿನ ಸಲ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಅಕ್ಟೋಬರ್: ಲೆಕ್ಕ

ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಆಲ್ಟೊ ಕೆ10 ಶುರುವಿನ ಬೆಲೆ 3.70 ಲಕ್ಷ. ಮನೆಯಲ್ಲಿ ಮತ್ತೆ ಹೊಸ ಕಾರಿನ ಮಾತು ಬಂತು, ಬರೋದು ಸಹಜ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟೆ.

ನಮ್ಮ ಓಟ ವರ್ಷಕ್ಕೆ ಸುಮಾರು 6,000 ಕಿ.ಮೀ. ಪೆಟ್ರೋಲು ಲೀಟರಿಗೆ 104 ಹಿಡಿದರೆ ಕಿಲೋಮೀಟರಿಗೆ 6.30. ಟಿಂಕರಿಂಗ್, ಬೆಲ್ಟ್, ಟೈರು, ಎಫ್‌ಸಿ ಒಟ್ಟು 32,400. ಇವು ಐದು ವರ್ಷಕ್ಕೆ ಬರುವಂಥವು, ವರ್ಷಕ್ಕೆ ಆರೂವರೆ ಸಾವಿರ. ಇನ್ಶೂರೆನ್ಸ್, ಸರ್ವಿಸ್, ಬ್ರೇಕು, ಪೈಪು, ಎಮಿಷನ್ ಸೇರಿಸಿದರೆ ವರ್ಷಕ್ಕೆ 15 ಸಾವಿರ. ಗಾಡಿಯ 60 ಸಾವಿರ ಬೆಲೆ ಐದು ವರ್ಷದಲ್ಲಿ ಪೂರ್ತಿ ಸೊನ್ನೆ ಆಯ್ತು ಅಂತಲೇ ಇಟ್ಟುಕೊಳ್ಳೋಣ, ಇನ್ನೊಂದು 12 ಸಾವಿರ. ಎಲ್ಲ ಸೇರಿ ಕಿಲೋಮೀಟರಿಗೆ 11 ರೂಪಾಯಿಯ ಒಳಗೆ.

ಹೊಸ ಕಾರು: ಕರ್ನಾಟಕದಲ್ಲಿ 5 ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ಶೇ. 13, ಆ ತೆರಿಗೆಯ ಮೇಲೆ ಶೇ. 11 ಸೆಸ್. ಅದೇ 53 ಸಾವಿರ ದಾಟುತ್ತೆ. ವಿಮೆ ಸೇರಿ ರೋಡಿಗೆ ಇಳಿಯುವಾಗ ನಾಲ್ಕೂವರೆ ಲಕ್ಷ. ಐದು ವರ್ಷದ ನಂತರ ಎರಡು ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 50 ಸಾವಿರ ಕರಗಿತು. ಮೂರೂವರೆ ಲಕ್ಷ ಸಾಲ, ಶೇ. 9 ಬಡ್ಡಿ, ಐದು ವರ್ಷ ಅಂದರೆ ಬಡ್ಡಿಯೇ 86 ಸಾವಿರ, ವರ್ಷಕ್ಕೆ 17 ಸಾವಿರ. ವಿಮೆ, ಸರ್ವಿಸ್ 12 ಸಾವಿರ. ಮೈಲೇಜು 22 ಕೊಟ್ಟರೂ ಕಿಲೋಮೀಟರಿಗೆ 18 ರೂಪಾಯಿ ಹತ್ತಿರ.

ಪೆಟ್ರೋಲಿನಲ್ಲಿ ಉಳಿಯೋದು ಕಿಲೋಮೀಟರಿಗೆ ಒಂದೂವರೆ ರೂಪಾಯಿ. ಉಳಿದ ಖರ್ಚಿನ ವ್ಯತ್ಯಾಸ ವರ್ಷಕ್ಕೆ 52 ಸಾವಿರ. ಹೊಸ ಕಾರು ಮೈಲೇಜಿನಿಂದಲೇ ಗೆಲ್ಲಬೇಕಾದರೆ ವರ್ಷಕ್ಕೆ 33 ಸಾವಿರ ಕಿ.ಮೀ. ಓಡಬೇಕು. ಟ್ಯಾಕ್ಸಿಯವರು ಓಡಿಸ್ತಾರೆ, ನಾವಲ್ಲ. ಕಾರು ಕೊಳ್ಳುವಾಗ ಎಲ್ಲರೂ ಮೊದಲು ಕೇಳೋದು "ಎಷ್ಟು ಕೊಡುತ್ತೆ?" ಅಂತಲೇ ಅಲ್ವಾ? ಕಡಿಮೆ ಓಡಿಸುವ ಮನೆಗೆ ಆ ಪ್ರಶ್ನೆಯಿಂದ ಏನೂ ತಿಳಿಯೋದಿಲ್ಲ. ನಮಗೆ ಖರ್ಚು ಕೂತಿರೋದು ಕರಗುವ ಬೆಲೆಯಲ್ಲಿ, ಬಡ್ಡಿಯಲ್ಲಿ.

ಒಂದು ವಿಷಯದಲ್ಲಿ ಹೊಸ ಕಾರೇ ಮೇಲು, ಅದನ್ನು ಮರೆಮಾಚೋದಿಲ್ಲ. ಕೆ10ನಲ್ಲಿ ಆರು ಏರ್‌ಬ್ಯಾಗ್, ಎಬಿಎಸ್ ಇವೆ. ನಮ್ಮದರಲ್ಲಿ ಒಂದೂ ಇಲ್ಲ. ಅದಕ್ಕೇ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ: 800 ಪೇಟೆಗೆ, ತೋಟಕ್ಕೆ, ಸುತ್ತಿನ ಊರಿಗೆ ಮಾತ್ರ. ಶಿವಮೊಗ್ಗದ ಆಚೆ ರೈಲು. ತಾಳಗುಪ್ಪದಿಂದ ಹೊರಡುವ ಗಾಡಿ ಸಾಗರದಲ್ಲೇ ನಿಲ್ಲುತ್ತೆ, ಬೆಂಗಳೂರಿಗೂ ಮೈಸೂರಿಗೂ ಹೋಗುತ್ತೆ. ವಾರಕ್ಕೆರಡು ಸಲ ಹೆದ್ದಾರಿಯಲ್ಲಿ ಮಕ್ಕಳನ್ನು ಕರ್ಕೊಂಡು ಹೋಗುವ ಮನೆಯವರು ನನ್ನ ಲೆಕ್ಕ ನೋಡಿ ಹಳೇ ಗಾಡಿ ಇಟ್ಕೊಳ್ಳಬೇಡಿ.

ನಮ್ಮಲ್ಲಿ ತೀರ್ಮಾನ ಆಗಿದೆ, ಗಾಡಿ ಉಳೀತು. ಕಾರಿನ ಸಾಲಕ್ಕೆ ಹೋಗಬೇಕಿದ್ದ 7,265 ರೂ. ಕಂತಿನಲ್ಲಿ ಮೂರು ಸಾವಿರವನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕುತ್ತಿದ್ದೇನೆ. ಡಿಸೆಂಬರಿನ ಕೆಲಸ: ಬಲ ಹಿಂದಿನ ಬಾಗಿಲಿನ ಕೆಳಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಅದನ್ನು ಕೆರೆದು ನೋಡಬೇಕು. ಬಾಗಿಲುಗಳ ಒಳಗೆ ವ್ಯಾಕ್ಸ್ ಹೊಡೆಸಬೇಕು. ಮೇಸ್ತ್ರಿಗೆ ಹೇಳಿಟ್ಟಿದ್ದೇನೆ, ಅಡಿಕೆ ಕೊಯ್ಲು ಮುಗಿದ ಮೇಲೆ ಬನ್ನಿ ಅಂದಿದ್ದಾರೆ.