ಶೇಕಡಾ 91 ಮತ್ತು ಸಿಗದೆ ಹೋದ ಒಂದು ಹೆಸರು

ಪೆರ್ಲ ಕಡೆಯ ಹಿರಿಯ ಕೃಷಿಕರೊಬ್ಬರು ಸಾಲದ ನೋಟಿಸು ಹಿಡಿದುಕೊಂಡು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಹಕಾರಿ ಸಂಘದ ಕೌಂಟರಿನ ಮುಂದೆ ನಿಂತಿದ್ದ ದಿನ ನಾನೂ ಅಲ್ಲಿದ್ದೆ. ಆ ಸಂಘದ ಲೆಕ್ಕದ ಸಾಫ್ಟ್‌ವೇರ್ ನಮ್ಮ ತಂಡದ್ದು. "ನಾನು ಸಾಲ ಬಾಕಿ ಇಟ್ಟವನಲ್ಲ ಮಗಳೇ. ಒಳ್ಳೆಮೆಣಸು ಇಲ್ಲಿಗೇ ಕೊಟ್ಟದ್ದು, ಹಣವನ್ನು ಸಾಲಕ್ಕೆ ಹಾಕಿ ಎಂದು ಹೇಳಿಯೇ ಕೊಟ್ಟದ್ದು" ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಅವರ ಹೆಸರಿನಲ್ಲಿ ಎರಡು ಖಾತೆಗಳಿದ್ದವು. ಮೆಣಸಿನ ಹಣ ಒಂದರಲ್ಲಿ ಸುಮ್ಮನೆ ಕುಳಿತಿತ್ತು, ಇನ್ನೊಂದರಲ್ಲಿ ಸಾಲಕ್ಕೆ ಬಡ್ಡಿ ಏರುತ್ತಿತ್ತು.

ಎರಡನೆಯ ಖಾತೆ ಹುಟ್ಟಿದ್ದು ಹೇಗೆ ಎಂದು ಗುಮಾಸ್ತರನ್ನು ಕೇಳಿದೆ. "ಹೆಸರು ಹುಡುಕಿದರೆ ಬರಲಿಲ್ಲ ಮೇಡಂ, ಹೊಸದು ಮಾಡಿದೆ" ಎಂದರು. ಅವರ ತಪ್ಪೇನೂ ಇರಲಿಲ್ಲ.

ಸಂಘದ ಹಳೆಯ ಸದಸ್ಯರ ಪಟ್ಟಿ ನುಡಿ ಫಾಂಟಿನಲ್ಲಿತ್ತು. ಅದನ್ನು ನಾವು ಯೂನಿಕೋಡಿಗೆ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಪದ್ಧತಿಗೆ, ಬದಲಿಸಿದಾಗ ಅರ್ಧಾಕ್ಷರದಲ್ಲಿ ನಿಲ್ಲುವ ಹೆಸರುಗಳ ಕೊನೆಗೆ, ಅಂದರೆ ಈಶ್ವರ್, ಶಂಕರ್ ಎಂಬಂಥವುಗಳ ಕೊನೆಗೆ, ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಕೊಂಡಿತ್ತು. ಜೀರೋ ವಿಡ್ತ್ ನಾನ್ ಜಾಯ್ನರ್ ಎಂದು ಅದರ ಹೆಸರು. 'ರಾಜ್‌ಕುಮಾರ್' ಎಂದು ಬರೆಯುವಾಗ ಕಕಾರವು ಜಕಾರದ ಕೆಳಗೆ ಒತ್ತಾಗಿ ಇಳಿಯದಂತೆ ತಡೆಯುವುದು ಇದೇ. ಗುಮಾಸ್ತರು ಕೀಲಿಮಣೆಯಲ್ಲಿ ಹೊಡೆದ ಹೆಸರಿನಲ್ಲಿ ಅದು ಇರಲಿಲ್ಲ. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ.

ಆ ವಾರವೂ ನಮ್ಮ ಕಚೇರಿಯ ಗೋಡೆಯ ಪರದೆಯ ಮೇಲೆ ಕೋಡ್ ಕವರೇಜ್ ಶೇಕಡಾ 91 ಎಂದು ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಕೋಡ್ ಸರಿಯಿದೆಯೇ ಎಂದು ನೋಡಲು ನಾವೇ ಬರೆದ ಪರೀಕ್ಷೆಗಳನ್ನು ಓಡಿಸಿದಾಗ ಕೋಡಿನ ಎಷ್ಟು ಸಾಲುಗಳು ಓಡಿದವು ಎಂಬುದರ ಲೆಕ್ಕ ಅದು. ಪ್ರತಿ ಶುಕ್ರವಾರದ ಸಭೆಯಲ್ಲಿ ಮೊದಲು ಕೇಳುತ್ತಿದ್ದುದೇ ಆ ಅಂಕಿ. ಹೆಸರು ಹುಡುಕುವ ಭಾಗದಲ್ಲಂತೂ ಕವರೇಜ್ ನೂರಕ್ಕೆ ನೂರು ಇತ್ತು. ಆದರೆ ನಾವು ಪರೀಕ್ಷೆಗೆ ಕೊಟ್ಟ ಹೆಸರುಗಳು ಗೋಪಾಲ, ನಾರಾಯಣ, ಲಕ್ಷ್ಮಿ. ಒಂದೂ ಅರ್ಧಾಕ್ಷರದಲ್ಲಿ ಮುಗಿಯುವುದಿಲ್ಲ.

ನಮ್ಮದು ಅಡಿಕೆಯ ಮನೆ. ಸುಲಿದ ಅಡಿಕೆಯನ್ನು ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರೆ ಮಾಡುವುದನ್ನು ನೋಡುತ್ತಲೇ ಬೆಳೆದವಳು ನಾನು. ಕೊಳ್ಳುವವರು ಚೀಲಗಳನ್ನು ಎಣಿಸಿ ದರ ಹೇಳುವುದಿಲ್ಲ. ಚೀಲದ ಅಡಿಗೆ ಕೈ ಹಾಕಿ ನಾಲ್ಕು ಅಡಿಕೆ ತೆಗೆದು, ಕತ್ತರಿಸಿ, ಒಳಗಿನ ಬಿಳುಪು ನೋಡುತ್ತಾರೆ. ಕವರೇಜ್ ಹೇಳುವುದು ಎಷ್ಟು ಚೀಲಗಳ ಬಾಯಿ ಬಿಚ್ಚಿದೆವು ಎಂಬುದನ್ನಷ್ಟೇ. ಒಳಗೆ ಎಷ್ಟು ಅಡಿಕೆ ಕತ್ತರಿಸಿ ನೋಡಿದೆವು ಎಂಬುದು ಆ ಅಂಕಿಯಲ್ಲಿ ಇಲ್ಲ.

ಕತ್ತರಿಸಿ ನೋಡುವ ವಿಧಾನವೂ ನಮ್ಮ ಕಸುಬಿನಲ್ಲಿ ಇದೆ: ಮ್ಯುಟೇಶನ್ ಟೆಸ್ಟಿಂಗ್. ರಿಚರ್ಡ್ ಲಿಪ್ಟನ್ 1971ರಲ್ಲೇ ಸೂಚಿಸಿದ ಉಪಾಯ. ಕೋಡಿನಲ್ಲಿ ಬೇಕೆಂದೇ ಒಂದು ಸಣ್ಣ ತಪ್ಪು ಮಾಡಿ ಪರೀಕ್ಷೆಗಳನ್ನು ಓಡಿಸಬೇಕು. ಒಂದಾದರೂ ಕೂಗಬೇಕು. ಯಾವುದೂ ಕೂಗದಿದ್ದರೆ ಆ ಜಾಗಕ್ಕೆ ಕಾವಲಿಲ್ಲ ಎಂದು ಅರ್ಥ. ಬದಿಯಡ್ಕದಿಂದ ಮರಳಿದ ರಾತ್ರಿ ಬಡ್ಡಿಯ ಲೆಕ್ಕದ ಕೋಡನ್ನು ತೆರೆದೆ. ಗಡುವಿನ ದಿನ 'ದಾಟಿದರೆ' ಎಂಬ ಷರತ್ತನ್ನು 'ದಾಟಿದರೆ ಅಥವಾ ಅದೇ ದಿನವಾದರೆ' ಎಂದು ಬದಲಿಸಿದೆ. ಎಲ್ಲವೂ ಹಸಿರಾಗಿಯೇ ಉಳಿಯಿತು. ಗಡುವಿನ ದಿನವೇ ಹಣ ಕಟ್ಟಿದವರಿಗೆ ನಾವು ಬಡ್ಡಿ ಹಾಕಿದ್ದರೂ ನಮ್ಮ ಒಂದು ಪರೀಕ್ಷೆಯೂ ತಡೆಯುತ್ತಿರಲಿಲ್ಲ. ಆ ಪರೀಕ್ಷೆ ಬರೆದವಳು ನಾನೇ. ಲೆಕ್ಕವನ್ನು ಓಡಿಸಿದ್ದೆ, ಬಂದ ಉತ್ತರ ಸರಿಯೇ ಎಂದು ಕೇಳುವ ಸಾಲನ್ನೇ ಬರೆದಿರಲಿಲ್ಲ. ಶುಕ್ರವಾರದ ಅಂಕಿಗೆ ಅಷ್ಟು ಸಾಕಾಗಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೆಸರಿನ ದುರಸ್ತಿ ನಾವು ಎಣಿಸಿದಷ್ಟು ಸುಲಭವಾಗಿರಲಿಲ್ಲ. 'ಕೊ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ತುಂಡುಗಳಾಗಿಯೂ ಬರೆಯಬಹುದು. ಯೂನಿಕೋಡಿನ ನಾರ್ಮಲೈಸೇಶನ್ ನಿಯಮ ಇವೆರಡನ್ನೂ ಒಂದು ಮಾಡುತ್ತದೆ. ಕಾಣದ ಆ ಚಿಹ್ನೆಯನ್ನು ಮಾತ್ರ ಅದು ಮುಟ್ಟುವುದಿಲ್ಲ. ಮಲಯಾಳದ ಚಿಲ್ಲು ಅಕ್ಷರಗಳದ್ದೂ, ಅಂದರೆ ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳದ್ದೂ, ಇದೇ ಕಥೆ: 2008ರಲ್ಲಿ ಯೂನಿಕೋಡ್ 5.1 ಅವಕ್ಕೆ ಸ್ವಂತ ಸಂಕೇತ ಕೊಟ್ಟಿತು, ಅದಕ್ಕಿಂತ ಹಿಂದಿನ ರೀತಿಯಲ್ಲಿ ಬರೆದದ್ದರ ಜೊತೆ ಅವು ತಾವಾಗಿಯೇ ಹೊಂದುವುದಿಲ್ಲ. ಹಾಗೆಂದು ಚಿಹ್ನೆಯನ್ನು ಅಳಿಸಿಬಿಟ್ಟರೆ 'ರಾಜ್‌ಕುಮಾರ್' ಎಂಬ ಹೆಸರು ರಸೀದಿಯಲ್ಲಿ 'ರಾಜ್ಕುಮಾರ್' ಆಗುತ್ತದೆ. ಜನರ ಹೆಸರನ್ನು ಕೆಡಿಸುವ ಹಕ್ಕು ನಮಗಿಲ್ಲ. ಆದ್ದರಿಂದ ಮುದ್ರಣಕ್ಕೆ ಹೆಸರನ್ನು ಇದ್ದಂತೆಯೇ ಉಳಿಸಿ, ಹುಡುಕುವುದಕ್ಕೆಂದೇ ಇನ್ನೊಂದು ರೂಪವನ್ನು ಪಕ್ಕದಲ್ಲಿ ಇಟ್ಟೆವು.

ಇದೇ ಹೊತ್ತಿಗೆ ಸದಸ್ಯರಿಗೆ ಹೋಗುವ ಎಸ್‌ಎಂಎಸ್ ವಿಚಾರವೂ ಬೆಳಕಿಗೆ ಬಂತು. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70 ಸಂಕೇತ. ನಾವು ಪರೀಕ್ಷಿಸಿದ್ದು 160ಕ್ಕೆ ಮಾತ್ರ.

ಈಗ ಶುಕ್ರವಾರ ಮೊದಲು ನೋಡುವುದು ಬೇರೆ ಅಂಕಿ: ಕಳೆದ ತಿಂಗಳು ಸಿಕ್ಕ ದೋಷಗಳಲ್ಲಿ ನಾವೇ ಹಿಡಿದವು ಎಷ್ಟು, ಕೌಂಟರಿನಲ್ಲಿ ಜನ ಹಿಡಿದವು ಎಷ್ಟು. ಜನ ಹಿಡಿದ ಪ್ರತಿಯೊಂದಕ್ಕೂ, ಯಾವ ಪರೀಕ್ಷೆ ಇದನ್ನು ತಡೆಯಬೇಕಾಗಿತ್ತು ಎಂದು ಕೇಳಿ, ಆ ಪರೀಕ್ಷೆ ಬರೆದ ಮೇಲೆಯೇ ದುರಸ್ತಿ ಮಾಡುತ್ತೇವೆ. ಕವರೇಜ್ ಈಗಲೂ ಇದೆ. ಯಾವ ಸಾಲನ್ನು ಯಾರೂ ಮುಟ್ಟೇ ಇಲ್ಲ ಎಂದು ತಿಳಿಯಲು ಅದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಗೋಡೆಯ ಪರದೆಯಿಂದ ಮಾತ್ರ ಅದನ್ನು ತೆಗೆಸಿದೆವು.

ಆ ಹಿರಿಯರ ಖಾತೆಗಳು ಒಂದಾದವು, ಹಾಕಿದ್ದ ಬಡ್ಡಿಯನ್ನು ಸಂಘ ಹಿಂತೆಗೆಯಿತು. ಉಳಿದ ಜೋಡಿ ಖಾತೆಗಳನ್ನು ಸಾಫ್ಟ್‌ವೇರ್ ತಾನಾಗಿ ಕೂಡಿಸದಂತೆ ನೋಡಿಕೊಂಡಿದ್ದೇವೆ. ಅನುಮಾನವಿರುವ ಹೆಸರುಗಳ ಪಟ್ಟಿಯನ್ನು ಮುದ್ರಿಸಿ ಕೊಡುತ್ತದೆ, ಅಷ್ಟೇ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಇರುತ್ತಾರೆ. ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಒಂದು ರೀತಿ, ಸಂಘದ ಪುಸ್ತಕದಲ್ಲಿ ಕನ್ನಡದಲ್ಲಿ ಇನ್ನೊಂದು ರೀತಿ ಬರೆಸಿಕೊಂಡವರೂ ಇದ್ದಾರೆ. ಗುಮಾಸ್ತರು ತಂದೆಯ ಹೆಸರು, ಮನೆಹೆಸರು ಕೇಳಿ ಒಂದೊಂದನ್ನೇ ಗುರುತು ಹಾಕುತ್ತಿದ್ದಾರೆ. ಪಟ್ಟಿಯ ಮೂರು ಪುಟ ಇನ್ನೂ ಬಾಕಿ ಇದೆ, ಮಂಗಳವಾರ ಮತ್ತೆ ಹೋಗುತ್ತಿದ್ದೇನೆ.