ಬಸ್ಸಿಗೆ ಮುಂಚೆ ಒಂದು ಪಾತ್ರೆ ಮೀನು-ಅನ್ನ

ಚಿಕ್ಕಮ್ಮ ಕಣ್ಣು ತೋರಿಸಲು ಬೆಂಗಳೂರಿಗೆ ಬಂದಿದ್ದರು. ಕುಂದಾಪುರಕ್ಕೆ ವಾಪಸ್ ಹೋಗಲು ರಾತ್ರಿ 9.30ರ ಬಸ್ಸು. ಡಾಕ್ಟರಿಗಾಗಿ ಕಾದು, ಆಮೇಲೆ ಟ್ರಾಫಿಕ್ಕಿನಲ್ಲಿ ಕೂತು ಮನೆ ಹತ್ತಿರ ಬರುವಾಗ ಏಳೂವರೆ. ಹೊರಗಿಂದ ತರಿಸೋಣ ಅಂದರೆ ಕೇಳುವವರಲ್ಲ. ಮೀನಂಗಡಿ ಕಂಡದ್ದೇ ಆಟೋ ನಿಲ್ಲಿಸಿದರು.

ಜೂನ್ ಕೊನೆ ಅದು. ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಗಂಗೊಳ್ಳಿ ಬಂದರಿನಲ್ಲಿ ಎಲ್ಲವೂ ಸಾಲಾಗಿ ದಡ ಹಿಡಿದಿರುತ್ತವೆ. ಪೂರ್ವ ಕರಾವಳಿಯ ರಜೆ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೇ ಮುಗಿಯುತ್ತದಲ್ಲ, ಹಾಗಾಗಿ ಆ ಸಮಯದಲ್ಲಿ ಆ ಕಡೆಯ ಮೀನು ಇಲ್ಲಿಗೆ ಬರುತ್ತದೆ. ಚಿಕ್ಕಮ್ಮನಿಗೆ ಅದೆಲ್ಲ ಬರೀ ಐಸ್ ಮೀನು. ಆದರೂ ಕಿವಿರು ಎತ್ತಿ ನೋಡಿ, ಬೆರಳಲ್ಲಿ ಒತ್ತಿ, ಮೂಗು ಮುರಿಯುತ್ತಲೇ ಅರ್ಧ ಕೆಜಿ ಅಂಜಲ್ ತುಂಡು ಮಾಡಿಸಿಕೊಂಡರು.

ಅವರ ಲೆಕ್ಕದಲ್ಲಿ ಮೀನು ಅಂದರೆ ಕಾಯಿ ಅರೆದು ಮಾಡಿದ ಸಾರು, ಪಕ್ಕದಲ್ಲಿ ಕುಚ್ಚಲಕ್ಕಿ ಅನ್ನ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು. ಬಸ್ಸು ಕಾಯುತ್ತದಾ? ಒಂದೇ ಪಾತ್ರೆಯಲ್ಲಿ ಮಾಡುತ್ತೇನೆ ಅಂದೆ.

"ಮೀನ್ ಪುಡಿ ಆತಿಲ್ಯಾ ಮಗಾ?" ಅಂದರು ಚಿಕ್ಕಮ್ಮ.

ಆಗುತ್ತದೆ, ಅಕ್ಕಿ ಜೊತೆಗೇ ಹಾಕಿದರೆ. ಅಕ್ಕಿಗೆ ಕಾಲು ಗಂಟೆಗಿಂತ ಜಾಸ್ತಿ ಬೇಕು, ಅಂಜಲ್ ತುಂಡಿಗೆ ಏಳೆಂಟು ನಿಮಿಷ ಸಾಕು. ಹಾಗಾಗಿ ಮೀನು ಕೊನೆಗೆ ಬರಬೇಕು. ಕುಕ್ಕರಿನಲ್ಲಂತೂ ಈ ಅಡುಗೆ ಬೇಡವೇ ಬೇಡ, ಸೀಟಿ ಹೊಡೆಯುವಷ್ಟರಲ್ಲಿ ಮೀನಿನ ಕಥೆ ಮುಗಿದಿರುತ್ತದೆ.

ಒಂದು ಲೋಟ ಸೋನಾ ಮಸೂರಿ ತೊಳೆದು ನೆನೆಹಾಕಿದೆ. ಮೀನಿಗೆ ಉಪ್ಪು, ಅರಿಶಿನ, ಬ್ಯಾಡಗಿ ಮೆಣಸಿನ ಪುಡಿ, ಅರ್ಧ ನಿಂಬೆಹಣ್ಣು. ದಪ್ಪ ತಳದ ಪಾತ್ರೆಯಲ್ಲಿ ತೆಂಗಿನೆಣ್ಣೆ ಕಾಯಿಸಿ ತುಂಡುಗಳನ್ನು ಎರಡೂ ಬದಿ ಒಂದೊಂದು ನಿಮಿಷ ತಾಗಿಸಿ ತೆಗೆದೆ. ಬೇಯಿಸಲು ಅಲ್ಲ, ಮೈ ಗಟ್ಟಿಯಾಗಲು ಮತ್ತು ಆ ಎಣ್ಣೆಗೆ ಮೀನಿನ ರುಚಿ ಇಳಿಯಲು. ಅದೇ ಎಣ್ಣೆಗೆ ಈರುಳ್ಳಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಹಸಿಮೆಣಸು, ಒಂದು ಟೊಮೆಟೊ, ಕೊತ್ತಂಬರಿ ಪುಡಿ, ಸ್ವಲ್ಪ ಕಾಳುಮೆಣಸು. ಗರಂ ಮಸಾಲೆ ಹಾಕಲಿಲ್ಲ. ಚಕ್ಕೆ ಲವಂಗ ಬಿದ್ದರೆ ಮೀನು ಯಾವುದು ಅಂತಲೇ ಗೊತ್ತಾಗುವುದಿಲ್ಲ, ದುಡ್ಡು ಕೊಟ್ಟು ಅಂಜಲ್ ತಂದದ್ದು ಸುಮ್ನೆ. ಅಕ್ಕಿ ಬಸಿದು ಹಾಕಿ, ಒಂದೂವರೆ ಲೋಟ ನೀರು, ಅರ್ಧ ಲೋಟ ತೆಂಗಿನ ಹಾಲು ಹುಯ್ದೆ.

ಅಷ್ಟರಲ್ಲಿ ಚಿಕ್ಕಮ್ಮ ತಮ್ಮ ಚೀಲ ಬಿಚ್ಚಿ ಒಣ ಜುಮ್ಮನಕಾಯಿಯ ಪೊಟ್ಟಣ ತೆಗೆದರು, ಮೀನಿನ ಅಡುಗೆಗೆ ನಮ್ಮ ಕಡೆ ಹಾಕುವ ಘಾಟಿನ ಮಸಾಲೆ ಕಾಯಿ ಅದು. ನನಗೆ ಅಂತಲೇ ತಂದದ್ದಂತೆ. ಒಳಗಿನ ಕರಿಬೀಜ ತೆಗೆದು ಸಿಪ್ಪೆ ಮಾತ್ರ ಜಜ್ಜಿ ಬಟ್ಟಲಲ್ಲಿ ಸ್ವಲ್ಪ ನೀರಿಗೆ ಹಾಕಿದರು. ಜುಮ್ಮನಕಾಯಿ ಬಂಗುಡೆಗೆ ತಾನೇ ಅಂದೆ. "ಐಸ್ ಮೀನಿಗೆ ಎಂತ ಹಾಕಿರೂ ಅಡ್ಡಿಲ್ಲ" ಅಂದರು.

ನೀರು ಇಂಗಿ ಅನ್ನದ ಮೇಲೆ ಸಣ್ಣ ಸಣ್ಣ ತೂತು ಕಾಣಿಸಿದಾಗ ಮೀನನ್ನು ಮೇಲೆ ಜೋಡಿಸಿ, ಜುಮ್ಮನಕಾಯಿ ನೀರು ಚಿಮುಕಿಸಿ, ಕರಿಬೇವು ಉದುರಿಸಿ ಮುಚ್ಚಿದೆ. ತೀರಾ ಸಣ್ಣ ಉರಿ. ಚಿಕ್ಕಮ್ಮ ಸೌಟು ಹಿಡಿದು ಹತ್ತಿರವೇ ನಿಂತಿದ್ದರು, ಅವರ ಕೈ ತಡೆಯುವುದೇ ಆ ಹೊತ್ತಿನ ದೊಡ್ಡ ಕೆಲಸ. ಎಂಟು ನಿಮಿಷಕ್ಕೆ ಒಲೆ ಆರಿಸಿ, ಮುಚ್ಚಳ ತೆಗೆಯದೆ ಇನ್ನೊಂದೈದು ನಿಮಿಷ ಬಿಟ್ಟೆ. ಆ ಹಬೆಯಲ್ಲೇ ಅಂಜಲ್ ಹದಕ್ಕೆ ಬರುತ್ತದೆ, ಉರಿ ಮುಂದುವರಿಸಿದರೆ ನಾರುನಾರಾಗುತ್ತದೆ.

ಒಂದು ತುಂಡೂ ಮುರಿಯದೆ ತಟ್ಟೆಗೆ ಬಂತು. ಚಿಕ್ಕಮ್ಮ ಮೊದಲು ಬರೀ ಅನ್ನ ತಿಂದು ನೋಡಿದರು, ಆಮೇಲೆ ಮೀನು. ಮಾತಿಲ್ಲ. ತಳದಲ್ಲಿ ಕೆಂಪಗೆ ಹತ್ತಿದ್ದನ್ನು ಕೆರೆದು ಹಾಕಿಸಿಕೊಂಡಾಗ ನನಗೆ ಸಮಾಧಾನವಾಯಿತು. ಬಸ್ಸು ಹತ್ತುವಾಗ ಮಾತ್ರ, ಆಗಸ್ಟಿನಲ್ಲಿ ಊರಿಗೆ ಬಾ, ಬಂಗುಡೆ ಹಾಕಿ ಇದನ್ನೇ ಮಾಡುವ ಅಂದರು. ನನಗೆ ಒಪ್ಪಿಗೆ ಇಲ್ಲ. ಬಂಗುಡೆ ಮುಳ್ಳು ಅನ್ನದಲ್ಲಿ ಸೇರಿದರೆ ಹುಡುಕುತ್ತಾ ಕೂರಬೇಕು. ಮುಳ್ಳು ಕಡಿಮೆಯ ಮುರು ಮೀನು ಸಿಕ್ಕರೆ ನೋಡೋಣ.